ಬಸ್ಸಿನ ಕಿಟಕಿಗಳ ಹಸಿರುಮನೆ

ಬಸವಕಲ್ಯಾಣದ ನಮ್ಮ ಹಿತ್ತಲಿನಲ್ಲಿ ಒಂದು ಬಸ್ಸು ನಿಂತಿತ್ತು ಎಂದರೆ ನನ್ನ ಮಕ್ಕಳು ನಗುತ್ತಾರೆ. ಅದಕ್ಕೆ ಗಾಲಿ ಇರಲಿಲ್ಲ, ಇಂಜಿನ್ ಇರಲಿಲ್ಲ, ಕಿಟಕಿಗಳಷ್ಟೇ ಇದ್ದವು. ಒಳಗೆ ಇದ್ದದ್ದು ನನ್ನ ಅವ್ವನ ವೀಳ್ಯದೆಲೆ ಬಳ್ಳಿ ಒಂದೇ. ಈಗಲೂ ಮಧ್ಯಾಹ್ನ ಜೊಂಪು ಹತ್ತಿದರೆ ನಾನು ಅದರೊಳಗೆ ಹೋಗಿ ಕೂತಿರುತ್ತೇನೆ. ಗಾಜಿನ ತುಂಬ ಸಣ್ಣ ಹನಿಗಳು, ಆಚೆ ಎಲ್ಲವೂ ಮಸುಕು, ಒಳಗೆ ಹಸಿ ಮಣ್ಣಿನ ವಾಸನೆ.

ಅದನ್ನು ಕಟ್ಟಿದವರು ನನ್ನ ಮಾವ, ಗಂಡನ ತಂದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಎಣ್ಣೆ ಡಬ್ಬಿಗೆ ಫ್ಯಾನು ಕೂರಿಸಿ ಕೂಲರ್ ಮಾಡಿದ್ದರು. ಅದರಿಂದ ಬರುತ್ತಿದ್ದದ್ದು ತಂಪಿಗಿಂತ ಸದ್ದೇ ಹೆಚ್ಚು. ಬಸ್ಸಿನ ಹರಿದ ಸೀಟಿಗೆ ಸರಪಳಿ ಹಾಕಿ ಜೋಕಾಲಿ ಕಟ್ಟಿದ್ದರು. “ಮನಿಯೆಲ್ಲ ಕಬಾಡಖಾನಿ ಮಾಡಿಟ್ಟಾರ” ಎಂದು ಗೊಣಗುತ್ತಲೇ ಅತ್ತೆ ಸಂಜೆಯಾದರೆ ಆ ಜೋಕಾಲಿಯಲ್ಲೇ ಕೂತು ಸೊಪ್ಪು ಸೋಸುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲವದು. ದೀಪಾವಳಿ ಕಳೆದ ಮೇಲೆ ಹುಮನಾಬಾದಿನಲ್ಲಿ ಅವ್ವ ತೀರಿಕೊಂಡಳು. ಅದು ಬಾಡಿಗೆ ಮನೆ. ಮಾಲೀಕರು ಅದನ್ನು ಕೆಡವಿ ಹೊಸದು ಕಟ್ಟುವವರಿದ್ದರು. ಅಣ್ಣ ಸಾಮಾನೆಲ್ಲ ತಾನಿದ್ದ ಹುಲಸೂರಿಗೆ ಸಾಗಿಸುವಾಗ ನಿನಗೇನು ಬೇಕು ಎಂದು ಕೇಳಿದ. ಬಚ್ಚಲ ಹಿಂದಿನ ಗೋಡೆಗೆ ಅವ್ವ ಹಬ್ಬಿಸಿದ್ದ ಎಲೆಬಳ್ಳಿಯ ಒಂದು ತುಂಡು ಸಾಕು ಎಂದೆ. ಊಟವಾದ ಮೇಲೆ ಅವಳು ಅದರ ಒಂದು ಎಲೆ ಕಿತ್ತು, ಸೆರಗಿಗೆ ಒರೆಸಿ, ಸುಣ್ಣ ಅಡಿಕೆ ಇಟ್ಟು ಮಡಚಿ, ಅರ್ಧ ಕಚ್ಚಿ ಉಳಿದರ್ಧ ನನ್ನ ಬಾಯಿಗಿಡುತ್ತಿದ್ದಳು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಆ ತುಂಡನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ಅವಳ ಕೈಯಿಂದ ನೆಟ್ಟದ್ದು ಇನ್ನು ಅದೊಂದೇ ಉಳಿದಿತ್ತು.

ಹಿತ್ತಲಿನಲ್ಲಿ ನೆಟ್ಟ ಹತ್ತು ದಿನಕ್ಕೆ ಚಳಿಗಾಳಿ ಸುರುವಾಯಿತು. ಎಲೆಗಳು ಕಪ್ಪಾಗಿ ಉದುರಿ ಎರಡೇ ಉಳಿದವು. ನನ್ನ ಬಾಯಿ ಮೊದಲೇ ಜೋರು. ಆ ದಿನಗಳಲ್ಲಿ ಗಾಳಿಯ ಮೇಲಿನ ಸಿಟ್ಟನ್ನೂ ಮನೆಮಂದಿಯ ಮೇಲೆ ತೀರಿಸುತ್ತಿದ್ದೆ. ಮಾವ ಒಂದು ಬೆಳಿಗ್ಗೆ ಬಳ್ಳಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದರು.

“ಇದಕ್ಕ ಥಂಡಿ ಹತ್ತಾಕತ್ತದವ್ವ. ಗಾಜಿನ ಮನಿ ಕಟ್ಟೂಣು” ಎಂದರು. ಯಾವುದೋ ಕೃಷಿ ಪತ್ರಿಕೆಯಲ್ಲಿ ಅಂಥದರ ಚಿತ್ರ ನೋಡಿದ್ದರಂತೆ.

ಗುಜರಿಯವನ ಕಡೆಯಿಂದ ತಳ್ಳುಗಾಡಿಯಲ್ಲಿ ಹಳೆಯ ಬಸ್ಸುಗಳ ಕಿಟಕಿಗಳು ಬಂದವು. ಮುರಿದ ಕಬ್ಬಿಣದ ಮಂಚ ಚೌಕಟ್ಟಾಯಿತು. ಮಾವ ಹಿಡಿ ಎಂದಲ್ಲಿ ನಾನು ಹಿಡಿದೆ, ನನ್ನ ಗಂಡ ಬೋಲ್ಟು ಬಿಗಿದರು. ಗಾಜು ಗಡಗಡ ಎನ್ನದಂತೆ ಸಂದುಗಳಿಗೆ ಸೈಕಲ್ ಟ್ಯೂಬಿನ ಪಟ್ಟಿ ತುರುಕಿದೆವು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿದೆವು. ಒಂದು ಕಿಟಕಿಯ ಮೇಲೆ ‘ಕೈ ಹೊರಗೆ ಚಾಚಬಾರದು’ ಎಂಬ ಕೆಂಪು ಬರಹ ಇನ್ನೂ ಇತ್ತು. ಒರೆಸಲೇನ್ರಿ ಎಂದು ಕೇಳಿದೆ. “ಇರ್ಲಿ ಬಿಡು, ಬಳ್ಳಿಗೂ ಜರಾ ಶಿಸ್ತು ಬೇಕು” ಎಂದರು.

ಆಮೇಲಿನ ದಿನಗಳು ನಿಜವಾಗಿ ನಡೆದವೋ, ನಾನು ಕಂಡ ಕನಸೋ ಎಂದು ಈಗ ಅನುಮಾನವಾಗುತ್ತದೆ. ಮೂರನೆಯ ಎಲೆ ಬಂತು, ನಾಲ್ಕನೆಯದು ಬಂತು. ಮಧ್ಯಾಹ್ನದ ಕೆಲಸ ಮುಗಿಸಿ ನಾನು ಒಳಗೆ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಬಿಸಿಲು ಹನಿಗಳ ಮೂಲಕ ಇಳಿದು ಹಸಿರಾಗಿ ಮಡಿಲಿಗೆ ಬೀಳುತ್ತಿತ್ತು. ಹಿಂದಿನ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋಗುವಾಗ, ಅವು ನಿಂತಿವೆ, ಚಲಿಸುತ್ತಿರುವುದು ನನ್ನ ಬಸ್ಸೇ ಎನ್ನಿಸುತ್ತಿತ್ತು. ಬಸ್ಸು ಹುಮನಾಬಾದಿಗೆ ಹೋಗುತ್ತಿತ್ತು. ಅವ್ವ ಬಾಗಿಲಲ್ಲಿ ಕೂತು, ಯಾಕ ತಡ ಆಯ್ತು ಎಂದು ಕೇಳುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಎಲೆಗಳು ಹಳದಿಗೆ ತಿರುಗಿದವು. ಬುಡ ಕಪ್ಪಾಗಿ ಮೆತ್ತಗಾಗಿತ್ತು. ಮಣ್ಣು ಮುಟ್ಟಿದರೆ ಕೆಸರು. ಯಾರೋ ಮಿತಿಮೀರಿ ನೀರು ಹಾಕುತ್ತಿದ್ದಾರೆ ಎಂದು ಖಾತ್ರಿಯಾಯಿತು. ವಿಚಿತ್ರವೆಂದರೆ ಅದೇ ಹೊತ್ತಿಗೆ ಪಕ್ಕದ ನಿಂಬೆಗಿಡ ನೀರಿಲ್ಲದಂತೆ ಬಾಡುತ್ತಿತ್ತು. ಅದರ ಕಡೆ ನಾನು ಲಕ್ಷ್ಯ ಕೊಡಲಿಲ್ಲ. ನೇರ ಅಡುಗೆಮನೆಗೆ ಹೋದೆ.

“ಅತ್ತಿ, ಬಳ್ಳಿಗಿ ನೀರು ನೀವು ಸುರಿಯಾಕತ್ತೀರೇನ್ರಿ?”

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. “ಕೊಡ ಎತ್ತಿ ನೀರು ಹಾಕೋಳಲ್ಲ ನಾ” ಎಂದರು.

“ಹಂಗಾದ್ರ ಯಾರು ಹಾಕ್ತಾರ್ರಿ? ನಮ್ಮವ್ವಂದು ಅಂತ ನಿಮಗದು ಬ್ಯಾಡಾಗ್ಯದ.”

ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಮರುದಿನ ಬೆಳಿಗ್ಗೆ ಕಳ್ಳರನ್ನು ಹಿಡಿಯಲು ಹಸಿರುಮನೆಯೊಳಗೆ ಮೂಲೆಯಲ್ಲಿ ಗೋಣಿಚೀಲದ ಮರೆಗೆ ಕೂತೆ. ನಮ್ಮ ಮನೆಯಲ್ಲಿ ಎಲ್ಲರೂ ದಿನಾ ಲಿಂಗಪೂಜೆ ಮಾಡುವವರು. ಲಿಂಗಕ್ಕೆ ಎರೆದ ನೀರನ್ನು ಕಾಲು ತುಳಿಯುವಲ್ಲಿ ಚೆಲ್ಲಬಾರದು, ಗಿಡದ ಬುಡಕ್ಕೇ ಹಾಕಬೇಕು. ಮೊದಲೆಲ್ಲ ಅದು ನಿಂಬೆಗಿಡಕ್ಕೆ ಹೋಗುತ್ತಿತ್ತು. ಮೊದಲು ಬಾಗಿಲು ಸರಿಸಿದವರು ಮಾವ. ಪೂಜೆಯ ಬಟ್ಟಲಿನ ನೀರನ್ನು ಬಳ್ಳಿಗೆ ಎರೆದರು, ಜೊತೆಗೊಂದು ತಂಬಿಗೆ ನೀರು ಸುರಿದು ಕೈ ಮುಗಿದರು. ಅವರು ಹೋದ ಮೇಲೆ ಗಂಡ ಬಂದರು, ಬಟ್ಟಲು, ತಂಬಿಗೆ. ನಂತರ ಪಕ್ಕದ ಮನೆಯ ಅಜ್ಜಿ, ಅವರ ಕೈಯಲ್ಲೂ ಪೂಜೆಯ ಬಟ್ಟಲು. ಕೊನೆಗೆ ಅತ್ತೆ. ಅವರು ನೀರೆರೆದು, ಹಳದಿ ಎಲೆಯೊಂದನ್ನು ಬೆರಳಲ್ಲಿ ಎತ್ತಿ ಹಿಡಿದರು.

“ಉಳೀಬೇಕು ನೋಡವ್ವ. ನನ್ನ ಸೊಸಿಗಿ ಅವ್ವಂದು ಅಂತ ಇದೊಂದೇ ಅದ” ಎಂದು ಬಳ್ಳಿಗೆ ಹೇಳಿದರು.

ಎದ್ದು ಜಗಳ ಮಾಡಬೇಕೆಂದು ಕೂತವಳು ನಾನು. ತೊಡೆಯ ಮೇಲೆ, ಪೂಜೆ ಮುಗಿಸಿ ತಂದಿದ್ದ ನನ್ನದೇ ಬಟ್ಟಲಿತ್ತು. ನಾನೂ ದಿನಾ ಮಧ್ಯಾಹ್ನ, ನಾನೊಬ್ಬಳೇ ಎಂದುಕೊಂಡು, ಪೂಜೆಯ ನೀರನ್ನು ಅದೇ ಬುಡಕ್ಕೆ ಎರೆಯುತ್ತಿದ್ದೆ. ಒಬ್ಬರಿಗೂ ಅದು ನೀರು ಹಾಕಿದಂತೆ ಅನ್ನಿಸಿರಲಿಲ್ಲ. ಮುಚ್ಚಿದ ಗಾಜಿನಲ್ಲಿ ಅದು ಆರುತ್ತಲೂ ಇರಲಿಲ್ಲ. ಐದು ಜನರ ಭಕ್ತಿಯಲ್ಲಿ ನಿಂಬೆಗಿಡ ಒಣಗಿತು, ಬಳ್ಳಿ ಕೊಳೆಯಿತು. ನನಗೆ ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ. ನಾಚಿಕೆಯಿಂದ ಅಲ್ಲೇ ಅತ್ತುಬಿಟ್ಟೆ.

ಮಾವ ಕೊಳೆತ ಬುಡ ಬಿಟ್ಟು ಮೇಲಿನ ಗಟ್ಟಿ ಗೆಣ್ಣುಗಳನ್ನು ಕತ್ತರಿಸಿ, ಒಡೆದ ಕೊಡದಲ್ಲಿ ಮರಳು ಬೆರೆಸಿ ನೆಟ್ಟರು. ಬಾಗಿಲಿಗೆ ಡಿಪೋದಲ್ಲಿದ್ದಂಥ ಡ್ಯೂಟಿ ಪಟ್ಟಿ ತೂಗುಹಾಕಿದರು. ವಾರದಲ್ಲಿ ಎರಡೇ ದಿನ, ಅದೂ ಸರದಿಯಂತೆ ಒಬ್ಬರು ಮಾತ್ರ ಎಲೆಬಳ್ಳಿಗೆ, ಉಳಿದಂತೆ ಎಲ್ಲರೂ ನಿಂಬೆಗೆ. ಪಕ್ಕದ ಅಜ್ಜಿಗೂ ಸರದಿ ಸಿಕ್ಕಿತು. ಬೇಸಿಗೆಯಲ್ಲಿ ಗಾಜು ಸರಿಸಿ ಒದ್ದೆ ಗೋಣಿಚೀಲ ಇಳಿಬಿಟ್ಟೆವು. ಚಿಗುರು ಬರುತ್ತದೋ ಇಲ್ಲವೋ ಎಂದು ಎಲ್ಲರೂ ದಿನಾ ಬಗ್ಗಿ ನೋಡುತ್ತಿದ್ದೆವು, ಯುಗಾದಿಗೆ ಒಂದು ಚಿಗುರು ಕಂಡಿತು.

ಶ್ರಾವಣದಲ್ಲಿ ಬಳ್ಳಿ ಶಿಸ್ತು ಮರೆತು, ಕೆಂಪು ಬರಹದ ಕಿಟಕಿಯಿಂದಲೇ ಹೊರಗೆ ಚಾಚಿತು. ಒಂದು ಸೋಮವಾರ ಊಟವಾದ ಮೇಲೆ ಅತ್ತೆ ಎರಡು ಎಲೆ ಕಿತ್ತು ತಂದು, ಸುಣ್ಣ ಅಡಿಕೆಯ ಜೊತೆ ನನ್ನ ಮುಂದಿಟ್ಟರು. ಅವರು ಹುಟ್ಟಿದಾಗಿನಿಂದ ಎಲೆ ಅಡಿಕೆ ತಿಂದವರಲ್ಲ.

“ನಿಮ್ಮವ್ವ ಹ್ಯಾಂಗ ಮಡಚತಿದ್ದಳು, ತೋರ್ಸು” ಎಂದರು.

ನನಗೆ ನೆನಪಿಲ್ಲವೆಂದೇ ತಿಳಿದಿದ್ದೆ. ಆದರೆ ಕೈ ತಾನಾಗಿ ಎಲೆಯನ್ನು ಸೆರಗಿಗೆ ಒರೆಸಿತು, ಸುಣ್ಣ ಸವರಿತು, ಅಡಿಕೆ ಇಟ್ಟು ಮಡಚಿತು. ಅರ್ಧ ಕಚ್ಚಿ, ಉಳಿದರ್ಧವನ್ನು ಅತ್ತೆಯ ಬಾಯಿಗಿಟ್ಟೆ.