ಸಣ್ಣ ಡ್ರೈವಿಗೆ ಕುಂಕುಮ

ನಮ್ಮ ಮನೆಯವರ ಗಂಟಲಿನ ಆಪರೇಷನ್‌ಗೆ ದಿನ ಗೊತ್ತಾದ ಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ದನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗತ್ತಮ್ಮ. ಅವರ ವಾಯ್ಸ್ ಬೇಕು ಅಂದ್ರೆ ಈಗ್ಲೇ ರೆಕಾರ್ಡ್ ಮಾಡಿಟ್ಕೊಳ್ಳಿ" ಎಂದರು. ಅಲ್ಲಿಂದ ಬನಶಂಕರಿಗೆ ಆಟೋದಲ್ಲಿ ಬರುವಾಗ ಇವರು ದಾರಿಯುದ್ದಕ್ಕೂ ಡ್ರೈವರ್ ಜೊತೆ ರಸ್ತೆ ಅಗೆದಿರುವ ಬಗ್ಗೆ ಜಗಳವಾಡುತ್ತಲೇ ಇದ್ದರು. ಆಗಲೇ ಒಡೆದಿದ್ದ ದನಿ; ಆದರೂ ಗೇಟಿನ ಹೊರಗಿಂದ ಕರೆದರೆ ಅಡುಗೆಮನೆಗೆ ಕೇಳುವ ದನಿ. ಕಾನ್ವೆಂಟಿನಲ್ಲಿ ಮೆಲ್ಲಗೆ ಮಾತಾಡುವುದೇ ಶಿಸ್ತು ಎಂದು ಕಲಿತು ಬಂದ ನನಗೆ, ಮದುವೆಯಾದ ಹೊಸದರಲ್ಲಿ, ಬೀದಿಗೆಲ್ಲ ಕೇಳುವ ಆ ದನಿಯಿಂದ ನಾಚಿಕೆಯಾಗುತ್ತಿತ್ತು.

ಮೊಬೈಲಿನಲ್ಲಿ ರೆಕಾರ್ಡ್ ಮಾಡೋಣವೆಂದರೆ ಅವರು ಒಪ್ಪಲಿಲ್ಲ.

"ಅದ್ರಲ್ಲಿ ಮೂಗಲ್ಲಿ ಮಾತಾಡ್ದಂಗೆ ಕೇಳ್ಸತ್ತೆ ಕಣೇ. ಮಾಡೋದಾದ್ರೆ ನೆಟ್ಟಗೆ ಮಾಡೋಣ."

ನೆಟ್ಟಗೆ ಎಂದರೆ ಹಾಲಿನ ಮೂಲೆಯಲ್ಲಿದ್ದ ಅವರ ಕಂಪ್ಯೂಟರಿನಲ್ಲಿ. ಅವರೇ ಬಿಡಿಭಾಗಗಳನ್ನು ತಂದು ಜೋಡಿಸಿದ್ದು, ಅವರ ಹೆಮ್ಮೆ. ಒಳಗಿದ್ದದ್ದು ಹಳೆಯ ಹಾರ್ಡ್ ಡಿಸ್ಕ್. ಸ್ವಿಚ್ ಒತ್ತಿ, ಅಕ್ಕಿ ತೊಳೆದು ಕುಕ್ಕರ್ ಇಟ್ಟು ಬಂದರೂ ಪರದೆಯ ಮೇಲೆ ಆ ಚಕ್ರ ತಿರುಗುತ್ತಲೇ ಇರುತ್ತಿತ್ತು. ರೆಕಾರ್ಡಿಂಗ್ ನಡುನಡುವೆ ನಿಂತುಹೋಗುತ್ತಿತ್ತು. ಹೇಳಿದ್ದನ್ನೇ ಮತ್ತೆ ಹೇಳಬೇಕು. ಹೇಳಿದಷ್ಟೂ ಗಂಟಲು ನೋಯುತ್ತಿತ್ತು.

ಇದನ್ನು ನೋಡಿ ಮೈದುನ ಸಂಕಟಪಟ್ಟ. ನಮಗೆ ಮಕ್ಕಳಿಲ್ಲ. ಈಗ ಅವನು ಗಿರಿನಗರದಲ್ಲಿ ಬೇರೆ ಮನೆ ಮಾಡಿದ್ದರೂ ಓದಿ ದೊಡ್ಡವನಾದದ್ದು ನಮ್ಮ ಮನೆಯಲ್ಲೇ. ಒಂದು ಭಾನುವಾರ ಅವನು ಅಂಗೈಯಗಲದ ಎಸ್‌ಎಸ್‌ಡಿ ಎಂಬ ಚುರುಕಾದ ಸಣ್ಣ ಡ್ರೈವೊಂದನ್ನು ತಂದ.

"ತರೋದು ತಂದೆ, ದೊಡ್ಡದನ್ನೇ ತರಬಾರ್ದಿತ್ತೇನೋ?" ಎಂದರು ಇವರು.

"ದೊಡ್ಡದು ತಂದ್ರೆ ನಿನ್ನ ಹಳೇ ಸಾಮಾನೆಲ್ಲ ಅದಕ್ಕೆ ಸಾಗಿಸ್ಬೇಕಣ್ಣ, ಟೈಮೆಲ್ಲಿದೆ? ಡಿಸ್ಕು ಹಾಗೇ ಇರ್ಲಿ. ಇದು ಅದರ ಮುಂದೆ ಕ್ಯಾಶ್ ಆಗಿ ಕೂತ್ಕೊಳತ್ತೆ." ನನ್ನ ಮುಖ ನೋಡಿ ಅವನಿಗೆ ಅರ್ಥವಾಯಿತು. "ಅತ್ತಿಗೆ, ನೀವು ಮಾರ್ಕೆಟ್ಟಿಂದ ತಂದಿದ್ದನ್ನ ಮೊದ್ಲು ಕಟ್ಟೆ ಮೇಲೆ ಇಡ್ತೀರಲ್ಲ, ಪುರುಸೊತ್ತಾದಾಗ ಸ್ಟೋರ್ ರೂಮಿಗೆ? ಹಂಗೇ. ಇದು ಕಟ್ಟೆ, ಹಾರ್ಡ್ ಡಿಸ್ಕು ಸ್ಟೋರ್ ರೂಮು. ದಿನಾ ಬೇಕಾಗೋದೂ ಕಟ್ಟೆ ಮೇಲೇ ಇರತ್ತೆ. ಪ್ರತಿಯೊಂದಕ್ಕೂ ಒಳಗೆ ಓಡ್ಬೇಕಾಗಿಲ್ಲ."

"ನಿಮ್ಮತ್ತಿಗೆ ಕಟ್ಟೆ ನೋಡಿದೀಯಾ? ಅಷ್ಟು ಗಲೀಜಾಗ್ದೆ ಇದ್ರೆ ಸಾಕಪ್ಪ" ಎಂದು ಇವರು ನಕ್ಕು, ನಗುವಿನಿಂದಲೇ ಕೆಮ್ಮಿ ಸುಸ್ತಾದರು.

ಆಮೇಲೆ ಕಂಪ್ಯೂಟರ್ ಓಡಿತು. ಅದೇ ಹಳೆಯ ಡಬ್ಬವೇ ಎಂದು ಅನುಮಾನವಾಗುವಷ್ಟು ಚುರುಕಾಗಿ ಓಡಿತು. ಆಪರೇಷನ್‌ಗೆ ಮುಂಚಿನ ಆ ಕೆಲವು ದಿನ ನಾವಿಬ್ಬರೂ ಅದರ ಮುಂದೆಯೇ ಕೂತಿದ್ದೆವು. ಮೊದಲಿಗೆ ಅವರು ಮೈಕಿನೆದುರು ನೆಟ್ಟಗೆ ಕೂತು, "ಎಲ್ಲರಿಗೂ ನಮಸ್ಕಾರ" ಎಂದು ಭಾಷಣದ ಧಾಟಿಯಲ್ಲಿ ಶುರುಮಾಡಿದರು.

"ಅದೆಲ್ಲ ಬೇಡ ರೀ. ದಿನಾ ಮಾತಾಡೋದು ಮಾತಾಡಿ."

ಹಾಗೆ ಸೇರಿದ ಮಾತುಗಳು ಅವು. "ಇವಳೇ, ಕಾಫಿ ಆಯ್ತಾ?" "ಯಾರೇ ಅದು ಗೇಟಲ್ಲಿ?" "ಹುಳಿಗೆ ಉಪ್ಪು ಕಮ್ಮಿ, ಆದ್ರೂ ಪರ್ವಾಗಿಲ್ಲ." ತಮ್ಮನಿಗೊಂದು: "ಊಟ ಮಾಡ್ಕೊಂಡೇ ಹೋಗೋ." ಸುಬ್ರಹ್ಮಣ್ಯಪುರದಲ್ಲಿರುವ ಅಕ್ಕನಿಗೆ, ಚಿಕ್ಕಂದಿನಲ್ಲಿ ಅವರ ಜಡೆ ಎಳೆದು ರೇಗಿಸುತ್ತಿದ್ದ ಒಂದು ಮಾತು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ, ಕೊನೆಯದಾಗಿ ಏನೋ ಹೇಳಿ, ನನಗೆ ಕೇಳಿಸಬಾರದೆಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಹೇಳಿ, ಕಂಪ್ಯೂಟರ್ ಆಫ್ ಮಾಡಿದರು. ಬಟ್ಟೆ ಹೊದಿಸಿದವಳು ನಾನು.

ಮನೆಗೆ ಬಂದಾಗ ಕತ್ತಿನಲ್ಲಿ ಒಂದು ರಂಧ್ರ, ಅದರ ಮುಂದೆ ಬಿಳಿಯ ಬಟ್ಟೆ, ಕೈಯಲ್ಲಿ ಸ್ಲೇಟು. ಬಟ್ಟೆ ಹೊದ್ದ ಕಂಪ್ಯೂಟರ್ ಹಾಗೇ ಇತ್ತು. ಅದನ್ನು ಹಾಕಿ ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಇದೆಯಲ್ಲ, ಯಾವಾಗಲಾದರೂ ಕೇಳಬಹುದು ಎಂಬ ಸಮಾಧಾನವೇ ಸಾಕಾಗಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ನನ್ನ ಅತ್ತೆಯ ಕಾಲದಿಂದ ನಮ್ಮಲ್ಲೊಂದು ರೂಢಿ: ಆ ವರ್ಷ ಮನೆಗೆ ಹೊಸದಾಗಿ ಬಂದ ಸಾಧನ ದೇವರ ಮುಂದೆ ಮಣೆಯ ಮೇಲೆ ಕೂರಬೇಕು, ವಿಜಯದಶಮಿಯ ಮಂಗಳಾರತಿ ಆಗುವವರೆಗೆ ಅದನ್ನು ಕದಲಿಸಬಾರದು. ಒಂದು ವರ್ಷ ಮಿಕ್ಸಿ ಕೂತಿತ್ತು, ಇನ್ನೊಂದು ವರ್ಷ ಡ್ರಿಲ್ಲಿಂಗ್ ಮೆಷೀನು. ಈ ವರ್ಷ ಆಸ್ಪತ್ರೆಯ ಓಡಾಟದಲ್ಲಿ ಏನನ್ನೂ ಕೊಂಡಿರಲಿಲ್ಲ. ಬೆಳಿಗ್ಗೆ ಅವರು ಪ್ರತಿವರ್ಷದಂತೆ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ಪೇಂಟಿನ ಬ್ರಷ್ಷಿನಿಂದ ಧೂಳು ಕೊಡವುತ್ತಿದ್ದರು. ಇದ್ದಕ್ಕಿದ್ದಂತೆ ಚಪ್ಪಾಳೆ ತಟ್ಟಿ ನನ್ನನ್ನು ಕರೆದರು. ಮೈದುನ ತಂದ ಆ ಸಣ್ಣ ಡ್ರೈವು ಅವರ ಅಂಗೈಯಲ್ಲಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಅಷ್ಟು ಅಗಲವಾಗಿ ನಕ್ಕದ್ದು ಅದೇ ಮೊದಲು. ನಾನು ಮಣೆ ಹಾಕಿ ರಂಗೋಲಿ ಎಳೆದೆ. ಅವರು ಅದರ ಲೇಬಲ್ಲಿನ ಮೇಲೆ ಬೀಳದಂತೆ, ಅಂಚಿನಲ್ಲಿ, ಬೆರಳ ತುದಿಯಷ್ಟು ಕುಂಕುಮವಿಟ್ಟು ಒಂದು ಸೇವಂತಿಗೆ ಏರಿಸಿದರು.

ಮಧ್ಯಾಹ್ನ ಇವರ ಅಕ್ಕ ಬಂದರು. ಊಟವಾದ ಮೇಲೆ ತಮ್ಮನ ಪಕ್ಕದಲ್ಲಿ ಕೂತು, "ಏನೋ ರೆಕಾರ್ಡ್ ಮಾಡಿದೀಯಂತಲ್ಲ. ಒಂದ್ಸಲ ಕೇಳ್ಸೋ. ನಿನ್ನ ದನಿ ಕೇಳ್ದೆ ನಂಗೆ ಊಟ ಸೇರಲ್ಲ ಅನ್ನೋ ಹಾಗಾಗಿದೆ" ಎಂದರು.

"ಇವತ್ತು ಮೆಷೀನ್ ಓಡಿಸ್ಬಾರ್ದಲ್ಲ ಅಕ್ಕ?" ಎಂದೆ.

"ದೇವ್ರಿಗೆ ನಾನು ಹೇಳ್ಕೋತೀನಿ ಬಿಡು. ಅವನು ಏನೂ ಅಂದ್ಕೊಳಲ್ಲ."

ಇವರು ಮಣೆಯ ಕಡೆ ನೋಡಿದರು. ಪೂಜೆಗಿಟ್ಟದ್ದನ್ನು ತೆಗೆಯುವ ಹಾಗಿಲ್ಲ. ಸ್ಲೇಟಿನ ಮೇಲೆ ಬರೆದು ತೋರಿಸಿದರು: ನಿಧಾನ ಆಗತ್ತೆ, ಅಷ್ಟೆ. ಆ ಸಣ್ಣದು ವೇಗಕ್ಕೆ ಮಾತ್ರ ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ. ಸ್ವಿಚ್ ಒತ್ತಿದರು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ನಾಲ್ಕಾರು ಸಾಲು ಬಂದು ನಿಂತವು. ಯಾವುದೋ ಡ್ರೈವು ಸಿಗುತ್ತಿಲ್ಲ, ಅದನ್ನು ಬಿಟ್ಟು ಮುಂದುವರಿಯಲೇ ಎಂದು ಕೇಳುತ್ತಿತ್ತು. ಇವರು ತಲೆಯಾಡಿಸಿ ಒಂದು ಕೀಲಿ ಒತ್ತಿದರು.

ಚಕ್ರ ತಿರುಗಿತು. ಹಳೆಯದೆಲ್ಲ ಬಂತು: ಪ್ರವಾಸದ ಫೋಟೋಗಳು, ಕರೆಂಟ್ ಬಿಲ್ಲು, ಮೈದುನನ ಮದುವೆಯ ಪಟ್ಟಿ. ದನಿ ಇಟ್ಟಿದ್ದ ಫೋಲ್ಡರ್ ಮಾತ್ರ ಕಾಣಲಿಲ್ಲ. ಅವರು ಒಂದೊಂದನ್ನೇ ತೆರೆದು ಮುಚ್ಚಿ, ಮತ್ತೆ ತೆರೆದರು.

"ನಿಧಾನ ಅಂದ್ಯಲ್ಲ," ಎಂದರು ಅಕ್ಕ, ಸೆರಗು ಸರಿಮಾಡಿಕೊಂಡು ಇನ್ನಷ್ಟು ಹತ್ತಿರ ಕೂತು. "ಆಗ್ಲಿ. ನಂಗೇನ್ ಅವಸರ ಇಲ್ಲ."

ನಾನು ಫೋನ್ ಮಾಡಿದ ಮೇಲೆ ಮೈದುನ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ. ಮಣೆಯ ಮೇಲಿದ್ದ ಡ್ರೈವನ್ನು ಕಂಡವನೇ ಸೇವಂತಿಗೆ ಸರಿಸಿ ಅದನ್ನು ಎತ್ತಿಕೊಂಡ. ಕಂಪ್ಯೂಟರಿಗೆ ಮತ್ತೆ ಸಿಕ್ಕಿಸಿದ, ಫೋಲ್ಡರ್ ಬರಲಿಲ್ಲ. ಕೊನೆಗೆ ಅಡುಗೆಮನೆಗೆ ಬಂದು, ನನಗೊಬ್ಬಳಿಗೆ ಹೇಳಿದ.

"ಅಣ್ಣನ ದನಿ ಪೂರ್ತಿ ಕಟ್ಟೆ ಮೇಲೇ ಇತ್ತು ಅತ್ತಿಗೆ. ಸ್ಟೋರಿಗೆ ಹೋಗೇ ಇರ್ಲಿಲ್ಲ. ಕಂಪ್ಯೂಟರ್ ಆನ್ ಇದ್ದು ಪುರುಸೊತ್ತಾಗಿದ್ರೆ ತಾನೇ ಹೋಗೋದು? ಆ ಕೀ ಒತ್ತಿದ ತಕ್ಷಣ ಎರಡಕ್ಕೂ ಸಂಬಂಧ ಕಡಿದೋಯ್ತು, ಈಗ ಸಿಕ್ಕಿಸಿದ್ರೂ ಒಂದನ್ನೊಂದು ಗುರುತು ಹಿಡಿಯಲ್ಲ. ಸ್ಪೀಡಾಗ್ಲಿ ಅಂತ ನಾನೇ ಹಂಗೆ ಸೆಟ್ ಮಾಡಿದ್ದೆ. ತೆಗೀಬೇಡ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ತೆಗೆದು ದೇವರ ಮುಂದೆ ಇಡ್ತೀರ ಅಂತ ನಂಗೆ ಹೊಳೀಲೇ ಇಲ್ಲ."

ಎರಡನ್ನೂ ಜಯನಗರದ ಒಂದು ಅಂಗಡಿಗೆ ಕೊಟ್ಟು ನೋಡಿದ. ಅವರು ಹೊರತೆಗೆದದ್ದು ಚೂರುಗಳು. ಹಾಕಿದರೆ ಮರಳು ಸುರಿದಂತೆ ಸದ್ದು. ನಾನು ನೆಂಟರ ಮದುವೆಯ ವಿಡಿಯೋಗಳಲ್ಲೆಲ್ಲ ಹುಡುಕಿದೆ. ಒಂದರಲ್ಲಿ ಮಾತ್ರ ಅವರು ಯಾರಿಗೋ, "ಸ್ವಲ್ಪ ಆ ಕಡೆ" ಎನ್ನುತ್ತಾರೆ, ಅಷ್ಟರಲ್ಲಿ ವಾಲಗದ ಸದ್ದು ಮುಚ್ಚಿಬಿಡುತ್ತದೆ.

ಮೈದುನ ಮನೆಗೆ ಬರುವುದನ್ನು ನಿಲ್ಲಿಸಿದ. ಕೆಲಸ ಜಾಸ್ತಿ ಅತ್ತಿಗೆ ಎನ್ನುತ್ತಿದ್ದ. ಇವರು ಪ್ರತಿ ಭಾನುವಾರ ಗೇಟಿನ ಕಡೆ ನೋಡಿ ಒಳಗೆ ಬರುತ್ತಿದ್ದರು. ಒಂದು ದಿನ ನಾನು ಅವರೆಕಾಯಿ ಸುಲಿಯುತ್ತಿರುವಾಗ ಅವರು ಬೀರುವಿನಿಂದ ಒಂದು ಡಬ್ಬಿ ತೆಗೆದರು. ಆಸ್ಪತ್ರೆಯವರು ಕೊಟ್ಟ ಸಾಧನ. ಗಂಟಲಿಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಗುಂಯ್‌ಗುಟ್ಟುವ ಒಂದೇ ಶ್ರುತಿಯ ಮಾತು ಹೊರಡುತ್ತದೆ. ಅದನ್ನು ಅವರು ಒಮ್ಮೆಯೂ ಮುಟ್ಟಿರಲಿಲ್ಲ. ನನ್ನ ಫೋನನ್ನು ಸ್ಪೀಕರಿಗೆ ಹಾಕಿ ತಮ್ಮನ ನಂಬರ್ ಒತ್ತಿದರು.

"ಹೇಳಿ ಅತ್ತಿಗೆ."

"ಬಾ...ರೋ" ಎಂದಿತು ಸಾಧನ.

"ಅತ್ತಿಗೆ, ಲೈನ್ ಸರಿಯಿಲ್ಲ, ಏನೋ ಗುಂಯ್ ಅಂತಿದೆ. ಕಟ್ ಮಾಡಿ ನಾನೇ ಮಾಡ್ತೀನಿ ಇರಿ."

ನಾನು ಎದ್ದು ಬಂದೆ. "ಲೈನ್ ಸರಿಯಾಗಿದೆ ಕಣಪ್ಪ. ಮಾತಾಡ್ತಿರೋದು ನಿಮ್ಮಣ್ಣ."

ಇವರು ಮತ್ತೆ ಒತ್ತಿದರು. ಬಾರೋ. ಬಾರೋ. ಏರಿಲ್ಲ, ಇಳಿವಿಲ್ಲ. ಬೈಯುತ್ತಿದ್ದಾರೋ ಕರೆಯುತ್ತಿದ್ದಾರೋ ತಿಳಿಯಲು ಮುಖ ನೋಡಬೇಕಿತ್ತು.

"ಅಣ್ಣಂಗೆ ಕೋಪಾನಾ ಅತ್ತಿಗೆ?" ಎಂದ ಅವನು.

"ಇಲ್ಲ ಕಣೋ. ನಗ್ತಿದಾರೆ" ಎಂದೆ.

ಅವರು ನಗುತ್ತಿರಲಿಲ್ಲ.