ತವರಿಗೆ ಬಂದವಳಿಗೆ ಮಾತಿಲ್ಲ

ಆ ಶಾಲೆಯ ನಾಟಕ ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ನಾವು ಪರದೇಶದಲ್ಲಿ, ಕಿಂಗ್ಸ್‌ಬರಿಯ ಫ್ಲ್ಯಾಟಿನಲ್ಲಿದ್ದೆವು, ಮಗಳಿಗೆ ಒಂಬತ್ತು ವರ್ಷ. ಅವಳ ಕ್ಲಾಸಿನವರು ತಂದೆತಾಯಂದಿರ ಮುಂದೆ ನಾಟಕ ಆಡಬೇಕಿತ್ತು: ಹಿಂದೊಮ್ಮೆ ಇಬ್ಬರು ಅಮೆರಿಕನ್ ಕ್ಯಾಪ್ಟನ್‌ಗಳು ದಂಡು ಕಟ್ಟಿಕೊಂಡು, ನದಿ ಹಿಡಿದು, ಬೆಟ್ಟ ದಾಟಿ, ಪಶ್ಚಿಮದ ಸಮುದ್ರ ಮುಟ್ಟಿದ ಕಥೆ. ಅವರ ಜೊತೆ ಅಲ್ಲಿನ ಮೂಲನಿವಾಸಿ ಹುಡುಗಿಯೊಬ್ಬಳು ಹಸುಗೂಸನ್ನು ಬೆನ್ನಿಗೆ ಹಾಕಿಕೊಂಡು ನಡೆದಿದ್ದಳು. ಆ ಪಾತ್ರ ನನ್ನ ಮಗಳದು.

ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಗೊಂಬೆಯನ್ನು ಅವಳ ಬೆನ್ನಿಗೆ ಬಿಗಿದು, ನಿನ್ನ ಮಾತು ಹೇಳು, ಕೇಳೋಣ ಎಂದೆ. ಮಾತೇ ಇಲ್ಲವಂತೆ. ದಾರಿಯ ಕಡೆ ಬೆರಳು ತೋರಿಸುತ್ತ ನಡೆಯುವುದಂತೆ, ಅಷ್ಟೆ.

ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಆ ಹುಡುಗಿಯನ್ನು ಚಿಕ್ಕವಳಿದ್ದಾಗಲೇ ವೈರಿಗಳು ಹೊತ್ತೊಯ್ದಿದ್ದರು. ವರ್ಷಗಳ ಮೇಲೆ ದಂಡು ಬೆಟ್ಟದ ಬುಡಕ್ಕೆ ಬಂದು, ಕುದುರೆಯಿಲ್ಲದೆ ದಾಟಲಾರದೆ ನಿಂತಾಗ, ಕುದುರೆಗಳಿದ್ದದ್ದು ಅವಳ ಜನರ ಹತ್ತಿರ. ಅವರ ಮುಖಂಡ ಅವಳ ಅಣ್ಣ! ಅಳುತ್ತಲೇ ಎರಡೂ ಕಡೆಯವರ ಮಾತನ್ನು ಭಾಷೆಯಿಂದ ಭಾಷೆಗೆ ದಾಟಿಸಿ ವ್ಯವಹಾರ ಕುದುರಿಸಿದವಳು ಅವಳು. ನಾಟಕದಲ್ಲಾದರೋ ಕ್ಯಾಪ್ಟನ್‌ಗಳಲ್ಲೊಬ್ಬ, ಕುದುರೆ ತಂದವನು ನಾನು ಎಂದು ಎದೆ ತಟ್ಟಿಕೊಳ್ಳುತ್ತಾನೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಹೊಕ್ಕು ಕೂತಂತೆ.

"ಹುಡುಗರ ನಾಟಕಕ್ಕ ಇಷ್ಟ್ಯಾಕ ಸಿಟ್ಟು?" ಎಂದರು ನಮ್ಮವರು.

"ಕೂಸು ಕಟ್ಟಿಕೊಂಡು ತವರಿಗೆ ಬಂದಾಕೀನ ಬಾಯಿ ಮುಚ್ಚಿಸಿ ನಿಂದರಸ್ತಾರ. ಸಿಟ್ಟು ಬರಬಾರದೇನು?"

ನಮ್ಮ ಧಾರವಾಡದ ಕಡೆ ಅಣ್ಣನ ಮನೆಯಲ್ಲಿ ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದು ತಂಗಿಯ ಹಕ್ಕು. ಪಂಚಮಿಗೆ ಹೋದಾಗ ನಾನೂ ಜಗಳಾಡಿ ಸೀರೆ ಉಡಿಸಿಕೊಂಡವಳೇ. ಅಂಥವಳನ್ನು ಮೂಕಿ ಮಾಡಿದರೆ ನನ್ನನ್ನೇ ಹೊಸ್ತಿಲಾಚೆ ನಿಲ್ಲಿಸಿದ ಹಾಗಾಯಿತು.

ಶಾಲೆಗೆ ಹೋಗಿ ಟೀಚರಮ್ಮನಿಗೆ ಇದನ್ನೆಲ್ಲ ಹೇಳಿದೆ. ಆಕೆ ನಗುನಗುತ್ತ, ನಾಟಕ ಬದಲಿಸಲು ಸಮಯವಿಲ್ಲ, ಬೇಕಾದರೆ ಮಗು ನಿಮ್ಮ ಭಾಷೆಯಲ್ಲಿ ಒಂದು ಮಾತು ಹೇಳಲಿ, ಚೆನ್ನಾಗಿರುತ್ತದೆ, ಆಮೇಲೆ ಕ್ಯಾಪ್ಟನ್ ತನ್ನ ಮಾತು ಹೇಳುತ್ತಾನೆ ಎಂದರು. ನಾನು ಗೆದ್ದೆನೆಂದು ಬೀಗಿದೆ. "ಅಣ್ಣಾ, ನಾ ನಿನ್ನ ತಂಗಿ, ಇವರಿಗೆ ಕುದುರಿ ಕೊಡು" ಎಂದು ಹೇಳಿಕೊಟ್ಟೆ. ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ತಪ್ಪಿಲ್ಲದೆ ಕಲಿತಳು.

ನಾಟಕದ ದಿನ ನಮ್ಮವರಿಗೆ ಕೆಲಸವಿತ್ತು, ನಾನೊಬ್ಬಳೇ ಹೋದೆ. ಶಾಲೆಯ ಹಾಲ್ ತುಂಬಿತ್ತು. ಅಣ್ಣನ ಪಾತ್ರದವನು ಎದುರು ಬಂದ. ಮಗಳು ಅವನ ಕಡೆ ತಿರುಗಲೇ ಇಲ್ಲ, ನೋಡುತ್ತ ಕೂತಿದ್ದ ನಮ್ಮೆಲ್ಲರ ಕಡೆ ತಿರುಗಿ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದಳು: "ಇವನು ನನ್ನ ಅಣ್ಣ. ಕುದುರೆ ಕೇಳಿದ್ದು ನಾನು, ಇವರಲ್ಲ." ಕ್ಯಾಪ್ಟನ್ ತನ್ನ ಮಾತು ಮರೆತು ನಿಂತ.

ನನ್ನ ಸಿಟ್ಟು ಈಗ ಅವಳ ಮೇಲೆ ತಿರುಗಿತು. ಹೊರಗೆ ಬಂದದ್ದೇ ತಡ, ಅಷ್ಟು ಹೇಳಿಕೊಟ್ಟರೂ ಕನ್ನಡ ಯಾಕೆ ಬಾಯಿಗೆ ಬರಲಿಲ್ಲ ಎಂದು ರೇಗಿದೆ. ಅವಳಿಗೂ ಸಿಟ್ಟು ಬಂದಿತ್ತು. ಬೆನ್ನಿನ ಗೊಂಬೆ ಬಿಚ್ಚಿ ನನ್ನ ಕೈಗಿಟ್ಟು ಇಂಗ್ಲಿಷಿನಲ್ಲೇ ಕೇಳಿದಳು:

"ಕನ್ನಡದಲ್ಲಿ ಹೇಳಿದ್ದರೆ ನಿನಗೊಬ್ಬಳಿಗೇ ತಿಳಿಯುತ್ತಿತ್ತು. ನಿನಗೆ ಮೊದಲೇ ಗೊತ್ತಿತ್ತಲ್ಲ?"