ರೆಕ್ಕೆಯಡಿಯ ಬಣ್ಣ

ಅರವತ್ತರ ದಶಕದ ಒಂದು ಚಳಿಗಾಲ. ಮದುವೆಯಾದ ಮೇಲೆ ಮೊದಲ ಬಾರಿಗೆ ಮಂಡೆಕೋಲು ಎಂಬ ಹಳ್ಳಿಯ ಮಾವನ ಮನೆಯಲ್ಲಿ ಉಳಿಯಲು ಹೋಗಿದ್ದೆ. ಪುತ್ತೂರಿನ ಶಾಲೆಯಲ್ಲಿ ವಿಜ್ಞಾನದ ಮಾಸ್ಟ್ರಾಗಿದ್ದ ನನ್ನ ಚೀಲದಲ್ಲಿ ಬಟ್ಟೆಯ ಜೊತೆ ಒಂದು ಹಳೆಯ ದುರ್ಬೀನೂ ಇತ್ತು. ಆ ಮನೆಯಲ್ಲಿ ಹೊಸ ಅಳಿಯ ಊಟಕ್ಕೆ ಕುಳಿತು ‘ಬೇಡ’ ಎಂದರೆ ‘ಇನ್ನೂ ಬಡಿಸಿ’ ಎಂದೇ ಲೆಕ್ಕ. ನಾಚಿಕೊಂಡು ಬೇಡ ಅನ್ನುವುದು ಅಳಿಯನ ಧರ್ಮ, ಕಿವಿಗೆ ಹಾಕಿಕೊಳ್ಳದೆ ಬಡಿಸುವುದು ಅತ್ತೆಯ ಧರ್ಮ. ಮೊದಲ ದಿನವೇ ನನ್ನ ಹೊಟ್ಟೆ ಈ ಧರ್ಮಸಂಕಟದಲ್ಲಿ ಸಿಕ್ಕಿ ಒದ್ದಾಡಿತು.

ಮರುದಿನ ಬೆಳಿಗ್ಗೆ ಅಂಗಳದ ಕೆಳಗಿನ ಕೊಯ್ಲಾದ ಗದ್ದೆಯಲ್ಲಿ ಮೈನಾದಷ್ಟು ದೊಡ್ಡ ಹಕ್ಕಿಯೊಂದು ಕೆಸರು ಕುಟುಕುತ್ತಿತ್ತು. ಗದ್ದೆಗೊರವ, ಚಳಿಗಾಲಕ್ಕೆ ಉತ್ತರದಿಂದ ಬರುವ ನೆಂಟ. ಆದರೆ ಯಾವ ಗದ್ದೆಗೊರವ? ಹೊಳೆಬದಿಯಲ್ಲಿ ದಿನವೂ ಕಾಣುವ ಸಾಮಾನ್ಯ ಗದ್ದೆಗೊರವಕ್ಕೆ ಎದೆಯ ಬಿಳಿ ಹೆಗಲಿನತ್ತ ಏರಿರುತ್ತದೆ, ಇದಕ್ಕಿರಲಿಲ್ಲ. ಹಾಗಾದರೆ ಅಡವಿ ಗದ್ದೆಗೊರವ, ಇಲ್ಲವೇ ಹಸಿರು ಗದ್ದೆಗೊರವ. ಅಡವಿಯದಕ್ಕೆ ಕಾಲು ಹಳದಿ. ನೋಡೋಣವೆಂದರೆ ಈ ಮಹಾಶಯನ ಕಾಲಿಗೆಲ್ಲ ಕೆಸರು. ಇನ್ನು ಹಾರಿದರೆ ಮಾತ್ರ ತೀರ್ಮಾನ: ರೆಕ್ಕೆಯಡಿ ಮಾಸಲು ಬಿಳಿಯಾದರೆ ಅಡವಿ, ಕಪ್ಪಾದರೆ ಹಸಿರು. ಹಸಿರು ಗದ್ದೆಗೊರವವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ದುರ್ಬೀನು ಕಣ್ಣಿಗೊತ್ತಿ ಅದು ಹಾರುವುದನ್ನೇ ಕಾಯುತ್ತ ನಿಂತೆ.

“ಎಂತ ಉಂಟು ಅಲ್ಲಿ?” ಹಿಂದಿನಿಂದ ಮಾವ ಕೇಳಿದರು. ತೋರಿಸಿದೆ. ಅವರು ನನ್ನ ದುರ್ಬೀನಿನ ಕಡೆ ನೋಡಲೂ ಇಲ್ಲ. ಒಳಗೆ ಹೋಗಿ, ಕಾಡುಹಂದಿಗೆಂದು ಇಟ್ಟಿದ್ದ ಕೋವಿ ಹಿಡಿದು ಬಂದರು. ಅದರಿಂದ ಹೊಡೆದರೆ ಗುರುತು ಹಿಡಿಯಲು ಒಂದು ಗರಿಯೂ ಉಳಿಯುತ್ತಿರಲಿಲ್ಲ.

“ಮಾವ, ಹೊಡೆಯುದು ಬೇಡ. ನಾನು ನೋಡ್ಲಿಕ್ಕೆ ಮಾತ್ರ.”

“ಬರೀ ನೋಡಿದ್ರೆ ಹೊಟ್ಟೆ ತುಂಬ್ತದಾ?”

“ದೇವರಾಣೆ ಬೇಡ!”

“ಎಷ್ಟು ನಾಚಿಕೆ ಮಾರಾಯ್ರೆ ನಿಮ್ಗೆ!” ಎಂದು ನಕ್ಕು ಮಾವ ಅಡುಗೆಮನೆಯತ್ತ ಕೂಗಿದರು, “ಮಸಾಲೆ ಕಡೆದಿಡಿ, ಅಳಿಯಂದಿರಿಗೆ ಹಕ್ಕಿ ಆಗ್ಬೇಕಂತೆ!”

ಇನ್ನೊಂದು ಸಲ ಬೇಡ ಎಂದಿದ್ದರೆ ಅವರು ಹಕ್ಕಿಯ ಬಂಧುಬಳಗವನ್ನೂ ಹುಡುಕುತ್ತಿದ್ದರು. ಕೋವಿ ಹೆಗಲಿಗೇರಿತು. ಮಾನಮರ್ಯಾದೆ ಬದಿಗಿಟ್ಟು ಕಿರುಚಿದೆ:

“ಮಾವ, ನನಗೆ ಕೋಳಿ ಸಾರು ಬೇಕು! ಈಗಲೇ ಬೇಕು!”

ಹೊಸ ಅಳಿಯ ತನ್ನ ಬಾಯಾರೆ ‘ಬೇಕು’ ಎಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮಾವ ಕೋವಿಯನ್ನು ಜಗಲಿಗೆ ಒರಗಿಸಿ, ಪಂಚೆ ಎತ್ತಿಕಟ್ಟಿ ಹುಂಜದ ಹಿಂದೆ ಓಡಿದರು. ಅತ್ತೆಯೂ ನನ್ನ ಹೆಂಡತಿಯೂ ಸೇರಿಕೊಂಡರು. ಹುಂಜ ಬೊಬ್ಬೆ ಹೊಡೆಯುತ್ತ ಗದ್ದೆಗೆ ನುಗ್ಗಿತು. ಆ ಗಲಾಟೆಗೆ ನನ್ನ ಹಕ್ಕಿ ಸಿಳ್ಳೆ ಹಾಕಿ ಮೇಲೆದ್ದಿತು. ರೆಕ್ಕೆಯಡಿ ಕಪ್ಪು! ಹಸಿರು ಗದ್ದೆಗೊರವ! ನನಗಾದ ಸಂತೋಷ ಹೇಳತೀರದು. ಅಂಗಳದಲ್ಲಿ ನಿಂತು ಕುಣಿದುಬಿಟ್ಟೆ.

ಅಷ್ಟರಲ್ಲಿ ಹುಂಜವೂ ಮಾವನ ಕೈಗೆ ಸಿಕ್ಕಿತ್ತು. ನಾನು ಕುಣಿದದ್ದು ಅದಕ್ಕೇ ಎಂದು ಎಲ್ಲರೂ ನಂಬಿದರು.

“ಒಂದು ಕೋಳಿಗೆ ಇಷ್ಟು ಕುಣಿಯುದಾ? ನನ್ನ ಮರ್ಯಾದೆ ತೆಗೆದ್ರಿ” ಎಂದು ಹೆಂಡತಿ ಮುಖ ಊದಿಸಿಕೊಂಡಳು.

ಅಂದಿನಿಂದ ಆ ಅಂಗಳಕ್ಕೆ ನಾನು ಕಾಲಿಟ್ಟಾಗಲೆಲ್ಲ ಯಾರಾದರೊಬ್ಬರು ಹುಂಜದ ಹಿಂದೆ ಓಡುತ್ತಿದ್ದರು. ನಿಜ ಹೇಳಬೇಕೆಂದರೆ ಕೋಳಿ ಸಾರು ನನಗೆ ಅಷ್ಟಕ್ಕಷ್ಟೆ. ಆದರೂ ತಿಂದೆ, ವರ್ಷಗಟ್ಟಲೆ ತಿಂದೆ. ಆ ಹಕ್ಕಿ ಬದುಕಿ ಹಾರಿದ್ದಕ್ಕೆ ಅಷ್ಟೂ ಮಾಡದಿದ್ದರೆ ಹೇಗೆ?